ಮನೆಯವರ ಅಂಕ

ಯಂತ್ರಗಳು ಓದುವುದನ್ನು ಕಲಿತ ಮೇಲೆ ಬರೆಯುವವರ ನಿದ್ದೆ ಸ್ವಲ್ಪ ಕಡಿಮೆಯಾಯಿತು. ಮೊದಲೆಲ್ಲ ಜನಕೋಶದಲ್ಲಿ ಯಾರಾದರೂ ತಪ್ಪು ಬರೆದರೆ, ಹೆಚ್ಚೆಂದರೆ ಯಾವುದೋ ಶಾಲೆಯಲ್ಲಿ ಯಾರೋ ಒಬ್ಬರು ಮೇಷ್ಟರ ಕೈಲಿ ಬೈಸಿಕೊಳ್ಳುತ್ತಿದ್ದರು. ಈಗ ಹಾಗಲ್ಲ. ಗೋಡೆ ಕೆಡವುವ ಮುನ್ನ ಕ್ರೇನು ಜನಕೋಶ ಓದುತ್ತದೆ. ಓಣಿಯೊಳಗೆ ತಿರುಗುವ ಮುನ್ನ ಆಂಬುಲೆನ್ಸು ಓದುತ್ತದೆ. ಔಷಧಿ ಸಿಂಪಡಿಸುವ ಡ್ರೋನು, ಹೊಲದ ಪಕ್ಕದಲ್ಲಿ ಜೇನು ಸಾಕುವವರು ಯಾರಾದರೂ ಇದ್ದಾರೆಯೇ ಎಂದು ಹಾರುವ ಮೊದಲೇ ಓದಿಕೊಳ್ಳುತ್ತದೆ. ಸಂಬಳವಿಲ್ಲದೆ, ಹೆಸರಿಲ್ಲದೆ, ಊಟದ ಬಿಡುವಿನಲ್ಲಿ ಮೊಬೈಲು ಒತ್ತಿ ಒತ್ತಿ ಊರೂರಿನ ಜನ ಬರೆದಿಟ್ಟ ಈ ವಿಶ್ವಕೋಶ ಯಂತ್ರಗಳಿಗೆ ಕಣ್ಣಾಗಿಬಿಟ್ಟಿತ್ತು.

ಓದುವುದಕ್ಕೂ ಒಂದು ಮಿತಿ ಬೇಕಲ್ಲ. ಜನಕೋಶದಲ್ಲಿ ಗೋಳಗುಮ್ಮಟವೂ ಇತ್ತು, ಅದರ ಎದುರು ಶೇಂಗಾ ಮಾರುವ ಬಂಡಿಗಳ ಇತಿಹಾಸವೂ ಇತ್ತು. ನೆಲ ಕೊರೆಯುವ ಯಂತ್ರವೊಂದು ಒಂದು ಓಣಿಯ ಬಗ್ಗೆ ಬರೆದದ್ದನ್ನೆಲ್ಲ ಓದುತ್ತ ಕೂತರೆ ಆ ಓಣಿಗೆ ಕೊಳವೆ ಬರುವಷ್ಟರಲ್ಲಿ ಮೊಮ್ಮಕ್ಕಳ ಕಾಲ ಬಂದಿರುತ್ತದೆ. ಅದಕ್ಕೆಂದೇ ತಕ್ಕಡಿ ಬಂತು. ತಕ್ಕಡಿ ಎಂದರೆ ಲೇಖನಗಳನ್ನು ತೂಗುವ ಒಂದು ಬುದ್ಧಿಯಂತ್ರ. ಪ್ರತಿ ಲೇಖನಕ್ಕೂ ಅದು ಎರಡು ಅಂಕ ಕೊಡುತ್ತಿತ್ತು. ಒಂದು ಗುಣದ್ದು, ಅಂದರೆ ಎಷ್ಟು ಚೆನ್ನಾಗಿ, ಎಷ್ಟು ಆಧಾರ ಕೊಟ್ಟು ಬರೆದಿದ್ದಾರೆ ಎಂಬುದು. ಇನ್ನೊಂದು ಮಹತ್ವದ್ದು, ಅಂದರೆ ಇದು ತಿಳಿಯದೇ ಹೋದರೆ ಎಷ್ಟು ನಷ್ಟ ಎಂಬುದು. ಮಹತ್ವದಲ್ಲಿ ‘ಕಡಿಮೆ’ ಎಂದು ಬಂದ ಪುಟವನ್ನು ಯಂತ್ರಗಳು ತೆರೆದೂ ನೋಡುತ್ತಿರಲಿಲ್ಲ, ಗುಣ ಎಷ್ಟೇ ಇರಲಿ.

ಈ ವಿದ್ಯೆಯನ್ನು ತಕ್ಕಡಿ ಯಾವ ಪಂಡಿತರಿಂದಲೂ ಕಲಿತದ್ದಲ್ಲ. ಬರೆಯುವವರೇ ವರ್ಷಾನುಗಟ್ಟಲೆ ಜನಕೋಶದ ಲೇಖನಗಳಿಗೆ ಕೊಟ್ಟಿದ್ದ ಅಂಕಗಳನ್ನೆಲ್ಲ ನುಂಗಿ, ಅರಗಿಸಿಕೊಂಡು ಕಲಿತಿತ್ತು. ಅದರಲ್ಲೂ ಒಂದು ವಿಷಯವನ್ನು ಹತ್ತಿರದಿಂದ ಬಲ್ಲವರ ಅಂಕವೆಂದರೆ ಅದಕ್ಕೆ ವಿಶೇಷ ಗೌರವ. ಬಲ್ಲವರನ್ನು ನಂಬುವುದರಲ್ಲಿ ತಪ್ಪೇನಿದೆ ಎಂದು ಎಲ್ಲರಿಗೂ ಅನ್ನಿಸಿತ್ತು. ವಿಜಯಪುರದ ‘ತಕ್ಕಡಿ ಮನೆ’ಯಲ್ಲಿ ಕೆಲಸ ಮಾಡುವ ನೀಲಗಂಗಾಳಿಗೂ ಹಾಗೆಯೇ ಅನ್ನಿಸಿತ್ತು.

ನೀಲಗಂಗಾಳ ಕೆಲಸ ವಿಚಿತ್ರವಾದದ್ದು. ತಕ್ಕಡಿಗೆ ಕೈ ಹಚ್ಚಿ ಯಾವ ತೂಕವನ್ನೂ ಬದಲಿಸುವ ಹಾಗಿಲ್ಲ. ತಕ್ಕಡಿಗೇ ಏನಾದರೂ ಸಂದೇಹ ಬಂದು ಅದು ಬಾಯಿಬಿಟ್ಟು ಕೇಳಿದರೆ ಮಾತ್ರ ಉತ್ತರ ಕೊಡಬೇಕು. ಮಿಕ್ಕ ಹೊತ್ತು ಪರದೆ ನೋಡುತ್ತ ಕೂರಬೇಕು. ಆದರೆ ಅವಳಿಗೆ ಅಂಕಗಳ ಜೊತೆ ಏಗುವುದು ಹೊಸದೇನಲ್ಲ. ಅವಳ ಮನೆಯಲ್ಲಿಯೇ ಒಂದು ತಕ್ಕಡಿ ಇತ್ತು. ಅದರ ಹೆಸರು ಗುರುಬಾಯಿ. ಅವಳ ಅತ್ತೆ.

ಗುರುಬಾಯಿ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅಂಕ ಕೊಡುತ್ತಿದ್ದಳು. ನೆಂಟರ ಮನೆಯ ಮದುವೆಗೆ, ಓಣಿಯ ಹೊಸ ಸೊಸೆಯ ರಂಗೋಲಿಗೆ, ಟಿವಿಯಲ್ಲಿ ಸುದ್ದಿ ಓದುವವಳ ಸೀರೆಗೆ. ಹೊರಗಿನವರದ್ದಾದರೆ ‘ಭಾಳ ಚಂದ’ ಎಂದು ಒಮ್ಮೊಮ್ಮೆ ಹೊಗಳಿಕೆಯೂ ಬರುತ್ತಿತ್ತು. ಮನೆಯದ್ದಕ್ಕೆ ಮಾತ್ರ ಒಂದೇ ಅಂಕ. ನೀಲಗಂಗಾ ಬಡಿದ ಜೋಳದ ರೊಟ್ಟಿಯ ತುದಿ ಮುರಿದು ಬಾಯಿಗಿಟ್ಟು, ಸ್ವಲ್ಪ ಹೊತ್ತು ಅಗಿದು, ಅವಳು ಹೇಳುತ್ತಿದ್ದದ್ದು ಇಷ್ಟೇ:

“ನಡೀತೈತಿ.”

ಮದುವೆಯಾಗಿ ಬಂದಾಗಿನಿಂದ ಈ ‘ನಡೀತೈತಿ’ಯ ಮೇಲೆ ಒಂದು ಅಂಕ ಏರಿರಲಿಲ್ಲ. ಅಂದು ಬೆಳಿಗ್ಗೆಯೂ ಹಾಗೇ ಆಯಿತು. ಅಷ್ಟು ಸಾಲದೆಂಬಂತೆ, ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಶಿವಲೀಲಾ ಬಾಗಿಲಲ್ಲಿ ನಿಂತು, “ನಿಮ್ಮ ಸೊಸಿದು ಏನ್ ನೌಕರಿರೀ ಅತ್ತಿ, ಇಡೀ ರಾಜ್ಯದ ಯಂತ್ರೆಲ್ಲಾ ಆಕಿ ಮಾತ ಕೇಳ್ತಾವಂತ” ಎಂದಳು.

“ಏನ್ ನೌಕರಿ ತಗೊಂಡಿ ಬಿಡವ್ವಾ,” ಎಂದಳು ಗುರುಬಾಯಿ. “ಖುರ್ಚಿ ಮ್ಯಾಲ ಕುಂತು ಎದ್ದು ಬರೂದು.”

ನೀಲಗಂಗಾಳಿಗೆ ಚುರುಕ್ಕೆಂದಿತು. ಈ ಮಾತು ಹೊಸದಲ್ಲ, ಚುರುಕ್ಕೆನ್ನುವುದೂ ಹೊಸದಲ್ಲ. ಆದರೂ ರೂಢಿಯಾಗುವುದೇ ಇಲ್ಲವಲ್ಲ ಎಂದು ಅವಳು ತನ್ನ ಮೇಲೆಯೇ ಸಿಟ್ಟಾಗಿ ಡಬ್ಬಿ ಕಟ್ಟಿಕೊಂಡಳು. ಗಂಡ ರೇವಣಸಿದ್ದ ಹಳೆಯ ಚಡ್ಡಿ, ಹರಿದ ಬನಿಯನ್ನು ಹಾಕಿಕೊಂಡು, ಹಣೆಗೆ ಬ್ಯಾಟರಿ ದೀಪ ಬಿಗಿದು ಹೊರಟು ನಿಂತಿದ್ದ. ಉಳಿದ ದಿನಗಳಲ್ಲಿ ಕನ್ನಡಕದ ಅಂಗಡಿಯಲ್ಲಿ ಇಸ್ತ್ರಿ ಶರ್ಟು ಹಾಕಿ ಕೂರುವವನು ಈ ಒಂದು ದಿನ ಗುರುತು ಸಿಗುತ್ತಿರಲಿಲ್ಲ.

ಅಂದು ಸುರಂಗ ಬಾವಿ ತೊಳೆಯುವ ದಿನ. ಅವರಿದ್ದ ಕಾರಂಜಿ ಗಲ್ಲಿಯ ಕೆಳಗೆ ಸುಲ್ತಾನರ ಕಾಲದ ಒಂದು ನೀರಿನ ಸುರಂಗ ಹರಿದಿತ್ತು. ಒಬ್ಬ ಮನುಷ್ಯ ಬಗ್ಗಿ ನಡೆಯಬಹುದಾದಷ್ಟು ಎತ್ತರ, ಮೊಣಕಾಲಮಟ್ಟ ನೀರು, ಅಲ್ಲಲ್ಲಿ ಬೆಳಕಿಗೂ ಉಸಿರಿಗೂ ಎಂದು ಮೇಲಕ್ಕೆ ತೆರೆದ ಗಾಳಿಕಿಂಡಿಗಳು. ಯುಗಾದಿ ಕಳೆದು ನೀರು ಇಳಿದ ಮೇಲೆ ಮನೆಗೊಬ್ಬರಂತೆ ಒಳಗಿಳಿದು ಹೂಳು ತೆಗೆಯುವುದು ಗಲ್ಲಿಯ ಪದ್ಧತಿ. ಮುಂದಾಳು ಯಾವಾಗಲೂ ಲಾಳೇಸಾಬ ಕಾಕಾ. ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಸುರಂಗದ ಉದ್ದಕ್ಕೂ ತೆವಳಿ, ಅಳೆದು, ಚಿತ್ರ ಬರೆದು, ಜನಕೋಶದಲ್ಲಿ ಅದರ ಮೇಲೊಂದು ಲೇಖನ ಹಾಕಿದವರೂ ಅವರೇ. ನೀಲಗಂಗಾಳಿಗೆ ಜನಕೋಶದ ಹುಚ್ಚು ಹಿಡಿಸಿದವರೂ ಅವರೇ. ಗುರುಬಾಯಿ ಆ ಹುಚ್ಚನ್ನು ‘ಪಗಾರಿಲ್ಲದ ಚಾಕರಿ’ ಎಂದು ಕರೆಯುತ್ತಿದ್ದಳು.

“ಸಂಜಿಗೆ ಆಚೆ ಬಾಯಿಂದ ಹೊರಗ ಬರ್ತೀವಿ,” ಎಂದ ರೇವಣಸಿದ್ದ. “ಒಳಗ ಫೋನ್ ಹತ್ತಂಗಿಲ್ಲ. ಹುಡುಕಬ್ಯಾಡ್ರಿ.”

ತಕ್ಕಡಿ ಮನೆಯಲ್ಲಿ ಅಂದು ಕೆಲಸ ಮಂದವಾಗಿತ್ತು. ಪರದೆಯ ಮೇಲೆ ಯಂತ್ರಗಳು ಏನೇನು ಓದುತ್ತಿವೆ ಎಂಬುದು ಸಾಲುಸಾಲಾಗಿ ಸರಿಯುತ್ತಿತ್ತು. ನೀಲಗಂಗಾ ಚಹಾ ಕುಡಿಯುತ್ತ ಅರ್ಧ ಕಣ್ಣಿನಲ್ಲಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ತನ್ನ ಗಲ್ಲಿಯ ಹೆಸರು ಸರಿದುಹೋದ ಹಾಗಾಯಿತು. ಹಿಂದಕ್ಕೆ ಸರಿಸಿ ನೋಡಿದಳು.

ಓದುತ್ತಿದ್ದದ್ದು ಹೆಗ್ಗಣ. ಊರಿಗೆ ದೊಡ್ಡ ನೀರಿನ ಕೊಳವೆ ಹಾಕಲು ನೆಲದೊಳಗೇ ಕೊರೆಯುತ್ತ ಸಾಗುವ ಯಂತ್ರಕ್ಕೆ ಜನ ಇಟ್ಟ ಹೆಸರು ಅದು. ಕೊರೆದಷ್ಟಕ್ಕೆ ಒಂದು ಕಾಂಕ್ರೀಟ್ ಬಳೆ ತೊಡಿಸುವುದು, ಮುಂದೆ ಏನಿದೆಯೆಂದು ಜನಕೋಶ ಓದುವುದು, ಮತ್ತೆ ಕೊರೆಯುವುದು, ಇದು ಅದರ ದಿನಚರಿ. ಅದು ವರ್ತುಲ ರಸ್ತೆಯ ಕೆಳಗೆ ಹೋಗಬೇಕಿತ್ತು. ಅಲ್ಲಿ ಕಲ್ಲು ಗಟ್ಟಿ ಸಿಕ್ಕಿತೆಂದು ಬೆಳಿಗ್ಗೆಯೇ ದಾರಿ ಬದಲಿಸಿ ಕಾರಂಜಿ ಗಲ್ಲಿಯ ಕಡೆ ಮೂತಿ ತಿರುಗಿಸಿತ್ತು. ಪರದೆಯ ಮೇಲೆ ಹೀಗೆ ಬಂದಿತ್ತು: ‘ಕಾರಂಜಿ ಗಲ್ಲಿಯ ಸುರಂಗ ಬಾವಿ. ಗುಣ: ಅತ್ಯುತ್ತಮ. ಮಹತ್ವ: ಕಡಿಮೆ. ಓದಿಲ್ಲ. ಮುಂದೆ ಅಡ್ಡಿಯಿಲ್ಲ.’

ನೀಲಗಂಗಾ ಚಹಾ ಕೆಳಗಿಟ್ಟಳು. ಹೆಗ್ಗಣದ ದಾರಿ ಸುರಂಗಕ್ಕೆ ಅಡ್ಡಲಾಗಿ ಹಾಯುವ ಜಾಗದಲ್ಲಿ ಇವತ್ತು ರೇವಣಸಿದ್ದ ಹೂಳು ಎತ್ತುತ್ತಿದ್ದಾನೆ.

ಹೆಗ್ಗಣವನ್ನು ನೋಡಿಕೊಳ್ಳುವ ಕೋಣೆ ಇದ್ದದ್ದು ಮಂಗಳೂರಿನಲ್ಲಿ. ಅಲ್ಲಿಗೆ ಫೋನು ಹಚ್ಚಿದಳು. ಎತ್ತಿದವನು ಲ್ಯಾನ್ಸಿ ಪಿರೇರಾ ಎಂಬ ಆಪರೇಟರು. ಅವಳು ಒಂದೇ ಉಸಿರಿನಲ್ಲಿ ಹೇಳಿದ್ದನ್ನೆಲ್ಲ ಕೇಳಿ ಅವನೂ ಗಾಬರಿಯಾದ.

“ನಿಲ್ಲಿಸ್ರಿ ಅದನ್ನ,” ಎಂದಳು ನೀಲಗಂಗಾ.

“ನಿಲ್ಲಿಸ್ಲಿಕ್ಕೆ ಗುಂಡಿಯೇ ಇಲ್ಲ ಮೇಡಂ. ಮೊದಲು ಇತ್ತು. ಪ್ರತಿಯೊಬ್ಬ ಕಾರ್ಪೊರೇಟರೂ ತನ್ನ ಮನೆ ಎದುರು ಬೇಡ, ಪಕ್ಕದ ಬೀದಿಯಲ್ಲಿ ಹೋಗ್ಲಿ ಅಂತ ಫೋನ್ ಮಾಡಿಸಿ ನಿಲ್ಲಿಸಿಯೇ ಇಟ್ಟಿದ್ದು. ಹಾಗಾಗಿ ತೆಗೆದುಬಿಟ್ರು. ಈಗ ಅದು ಜನಕೋಶ ಹೇಳಿದ್ರೆ ಮಾತ್ರ ಕೇಳುವುದು. ನನ್ನ ಕೈಯಲ್ಲಿ ಒಂದೇ ಉಂಟು, ‘ಇನ್ನೊಮ್ಮೆ ಓದು’ ಅಂತ. ಪ್ರತಿ ಬಳೆಗೆ ಒಮ್ಮೆ ಒತ್ತಬಹುದು.”

“ಸುರಂಗ ಮುಟ್ಟಾಕ ಇನ್ನ ಎಷ್ಟು ಬಳೆ ಅದಾವು?”

“ಆರು. ಒಂದೊಂದಕ್ಕೆ ಹತ್ತು ನಿಮಿಷ ಬೇಕು. ನಾನು ಒತ್ತುತ್ತಾ ಇರ್ತೇನೆ. ನೀವು ಆ ‘ಕಡಿಮೆ’ ಅನ್ನುವುದನ್ನು ಹೇಗಾದ್ರೂ ಮಾಡಿ ತೆಗೆಸಿ ಮಾರಾಯ್ರೆ.”

ಆ ಫೋನನ್ನು ಇಡದೆ, ಅವಳು ತನ್ನ ಮೊಬೈಲಿನಿಂದ ಮನೆಗೆ ಫೋನು ಮಾಡಿದಳು. ಗುರುಬಾಯಿ ಪ್ರಶ್ನೆ ಕೇಳಲಿಲ್ಲ, ಅಳಲಿಲ್ಲ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪಲಿ ಇಲ್ಲದೆ ಕಿಂಡಿಗಳ ಕಡೆಗೆ ಓಡಿದಳು. ಅವಳ ಏದುಸಿರು ನೀಲಗಂಗಾಳ ಕಿವಿಯಲ್ಲಿ ಕೇಳುತ್ತಲೇ ಇತ್ತು.

ಇತ್ತ ನೀಲಗಂಗಾ ಜನಕೋಶ ತೆರೆದು, ಲಾಳೇಸಾಬ ಕಾಕಾನ ಲೇಖನಕ್ಕೆ ‘ಪರಮ ಮಹತ್ವ’ ಎಂದು ಅಂಕ ಒತ್ತಿದಳು. ತಕ್ಕಡಿ ನಯವಾಗಿ ಹಿಂದಿರುಗಿಸಿತು: ‘ನೀವು ಅದೇ ಗಲ್ಲಿಯವರು. ಮನೆಯವರು ಹೆಚ್ಚಿನ ಅಂಕ ಕೊಡುವ ವಾಡಿಕೆ ಇಲ್ಲ.’ ಚಿಂತಾಮಣಿಯಲ್ಲಿದ್ದ ಜನಕೋಶದ ಗೆಳತಿಯೊಬ್ಬಳನ್ನು ರವಿವಾರದ ನಿದ್ದೆಯಿಂದ ಎಬ್ಬಿಸಿ ಕೂರಿಸಿ ಅವಳ ಕೈಯಲ್ಲಿ ಒತ್ತಿಸಿದಳು. ತಕ್ಕಡಿ ಅದನ್ನು ಸ್ವೀಕರಿಸಿತು, ಆದರೆ ತೂಕ ಅಲುಗಲಿಲ್ಲ. ದೂರದವಳ ಒಂದು ಅಂಕ ಒಂದು ಕಡೆ. ಇನ್ನೊಂದು ಕಡೆ ಸುರಂಗವನ್ನು ಕೈಯಾರೆ ಅಳೆದ ಲಾಳೇಸಾಬ, ಅದರ ನೀರು ಕುಡಿದು ಬೆಳೆದ ಗಲ್ಲಿಯವರು, ಸ್ವತಃ ನೀಲಗಂಗಾ. ಬಲ್ಲವರೆಲ್ಲ ಒಂದೇ ಬಾಯಲ್ಲಿ ‘ಕಡಿಮೆ’ ಎಂದಿದ್ದರು.

ಯಾಕೆ ಎಂದಿದ್ದರು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಹಳ ಹಿಂದೆ, ತಕ್ಕಡಿ ಹುಟ್ಟುವುದಕ್ಕೂ ಮೊದಲು, ಜನಕೋಶದವರ ಒಂದು ಸಮಾವೇಶದಲ್ಲಿ ಎರಡು ಊರಿನವರ ನಡುವೆ ಜಗಳ ಹತ್ತಿತ್ತು. ಇವರು ತಮ್ಮ ಕುಸ್ತಿ ಅಖಾಡಕ್ಕೆ ‘ಹೆಚ್ಚು’ ಎಂದರೆ ಅವರು ತಮ್ಮ ಗರಡಿಮನೆಗೆ ‘ಪರಮ’ ಎಂದರು. ಕೊನೆಗೆ ಬಸ್‌ಸ್ಟ್ಯಾಂಡಿನ ಮುರಿದ ಬೆಂಚೂ ಪರಮ ಮಹತ್ವದ್ದಾಗಿ ಹೋಯಿತು. ಆಗ ಲಾಳೇಸಾಬ ಕಾಕಾ ಎದ್ದು ನಿಂತು, “ನಮ್ಮೂರಿಗೆ ನಾವ ಅಂಕ ಕೊಡೂದಾದ್ರ ಕಡಿಮಿ ಅಂತನ ಕೊಡೂಣು. ಹೆಚ್ಚು ಅನ್ನೂದು ಹೊರಗಿನವರ ಕೆಲಸ” ಎಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ‘ಮನೆಯವರ ಅಂಕ’ ಎಂಬ ಹೆಸರಿನಲ್ಲಿ ಆ ನಿಯಮವನ್ನು ನೀಲಗಂಗಾಳೇ ಬರೆದಳು, ಬರೆಯುವವರೆಲ್ಲ ಅದರ ಕೆಳಗೆ ಸಹಿ ಹಾಕಿದರು. ಆಮೇಲೆ ಸೇರಿದವರೂ ಹಾಕುತ್ತ ಬಂದರು. ಜಗಳವೇನೋ ನಿಂತಿತು. ಆದರೆ ಹೊರಗಿನವರು ಬರಲೇ ಇಲ್ಲ. ಕಾರವಾರದವನು ಬಂದು ವಿಜಯಪುರದ ಒಂದು ಗಲ್ಲಿಯ ನೀರಿನ ಬೆಲೆ ಹೇಳುವುದುಂಟೇ.

ಮೂರು ಬಳೆ ಮುಗಿದವು. ಲ್ಯಾನ್ಸಿ ಒತ್ತುತ್ತಲೇ ಇದ್ದ. ಹೆಗ್ಗಣ ಪ್ರತಿ ಸಲವೂ ‘ಮುಂದೆ ಅಡ್ಡಿಯಿಲ್ಲ’ ಎನ್ನುತ್ತಲೇ ಇತ್ತು.

“ನೀಲಾ,” ಫೋನಿನಲ್ಲಿ ಗುರುಬಾಯಿಯ ದನಿ ಒಡೆದಿತ್ತು. “ಮೂರೂ ಕಿಂಡ್ಯಾಗ ಒದರಿ ಬಂದೆ. ಉತ್ತರಿಲ್ಲ. ರಸ್ತಾದ ತೆಳಗ ಹೋಗ್ಯಾರ ಕಾಣ್ತೈತಿ. ರಸ್ತಾ ಅಗಲ ಮಾಡುಮುಂದ ಅಲ್ಲಿ ಕಿಂಡಿ ಮುಚ್ಚ್ಯಾರಲಾ. ಶಿವಲೀಲಾನ ಗಂಡ ಒಳಗ ಇಳದಾನ. ಆದ್ರ ರಾಡ್ಯಾಗ ಬಗ್ಗಿ ಹೋಗಿ ಮುಟ್ಟಾಕ ಎಷ್ಟೊತ್ತ ಬೇಕೋ. ನಿನ್ನ ಯಂತ್ರ ಏನಂತೈತಿ?”

ನೀಲಗಂಗಾಳಿಗೆ ಅಳು ಬಂತು. “ಅದು ಕೇಳವಲ್ದು ಅತ್ತಿ. ಸುರಂಗದ ಬಗ್ಗೆ ಬಲ್ಲವರೆಲ್ಲಾ ಕಡಿಮಿ ಅಂತ ಬರದೀವ್ರಿ. ನಾನೂ ಬರದೀನಿ. ನಮ್ಮದಕ್ಕ ನಾವ ಹೆಚ್ಚು ಅನಬಾರದಂತ. ಅದಕ್ಕ ಅದು ಖರೇನ ಕಡಿಮಿ ಅಂತ ತಿಳಕೊಂಡೈತಿ.”

ಗುರುಬಾಯಿಗೆ ಸಿಟ್ಟು ಬಂತು.

“ಅದೇನ ಯಂತ್ರವ್ವಾ, ಅದಕ್ಕ ಮನಿ ಮಾರು ಇಲ್ಲೇನು? ನಾ ನಿನ್ನ ಮಂದಿ ಮುಂದ ಒಂದಿನಾ ಹೊಗಳೀನೇನ? ಮನ್ಯಾಗರೆ ಹೊಗಳೀನೇನ? ತನ್ನ ಸೊಸೀನ ತಾನ ಹೊಗಳಿದ್ರ ಮಂದಿ ನಗ್ತಾರ, ಕಣ್ಣೂ ಹತ್ತತೈತಿ. ಹಂಗಂತ ನೀ ಕಡಿಮಿ ಆದೇನ? ಇಷ್ಟ ತಿಳಿಯಂಗಿಲ್ಲಂದ್ರ ಅದು ಏನ ಓದೇತಿ?”

ನೀಲಗಂಗಾಳ ಅಳು ನಿಂತಿತು. ಅತ್ತೆ ಏನು ಹೇಳಿದಳು ಎಂಬುದನ್ನು ಪೂರ್ತಿ ಮನಸ್ಸಿಗೆ ತಂದುಕೊಳ್ಳಲು ಆಗ ಪುರಸೊತ್ತಿರಲಿಲ್ಲ. ಕೊನೆಯ ಮಾತು ಮಾತ್ರ ತಲೆಯಲ್ಲಿ ನಿಂತಿತು. ಅದು ಏನು ಓದಿದೆ? ನಿಯಮದ ಪುಟವನ್ನು ಅದು ಓದಿದೆಯೇ?

ಹುಡುಕಿ ನೋಡಿದಳು. ‘ಮನೆಯವರ ಅಂಕ’ ಪುಟ ಇದ್ದಲ್ಲಿಯೇ ಇತ್ತು. ಗುಣದ ಜಾಗವೂ ಖಾಲಿ, ಮಹತ್ವದ ಜಾಗವೂ ಖಾಲಿ. ತಮ್ಮದೇ ಮನೆಯ ನಿಯಮಕ್ಕೆ ಅಂಕ ಕೊಡುವುದು ಸರಿಯಲ್ಲವೆಂದು ಯಾರೂ ಕೊಟ್ಟಿರಲಿಲ್ಲ. ತೂಗದ ಪುಟವನ್ನು ಯಂತ್ರಗಳೂ ಓದವು, ತಕ್ಕಡಿಯೂ ಓದದು. ಅಂಕಗಳನ್ನೆಲ್ಲ ನುಂಗಿದ ತಕ್ಕಡಿ, ಆ ಅಂಕಗಳನ್ನು ಕೊಟ್ಟ ರೀತಿಯನ್ನು ಮಾತ್ರ ಇಂದಿಗೂ ಓದಿರಲಿಲ್ಲ.

ಖಾಲಿ ಇದ್ದದ್ದೇ ಒಳ್ಳೆಯದಾಯಿತು. ತೂಗದ ಪುಟಕ್ಕೆ ಮೊದಲ ಅಂಕವೇ ತೂಕ. ಆದರೆ ಅದನ್ನು ಸಹಿ ಹಾಕಿದವರು ಕೊಡುವ ಹಾಗಿಲ್ಲ. ಜನಕೋಶದಲ್ಲಿ ಬರೆಯುವ ಪ್ರತಿಯೊಬ್ಬರೂ ಸಹಿ ಹಾಕಿದವರೇ. ಲ್ಯಾನ್ಸಿಯನ್ನು ಕೇಳಿದಳು. ಯಂತ್ರ ನಡೆಸುವವರಿಗೆ ಅಂಕ ಕೊಡುವ ಹಕ್ಕಿಲ್ಲ ಎಂದು ಅವನು ಬೇಸರದಿಂದ ಹೇಳಿದ. ಜನಕೋಶಕ್ಕೆ ಪೂರ್ತಿ ಹೊರಗಿನವರು ಬೇಕು. ಒಂದಕ್ಷರ ಬರೆಯದವರು, ಅದರ ಹೆಸರೆತ್ತಿದರೆ ಮೂಗು ಮುರಿಯುವವರು.

“ಅತ್ತಿ,” ಎಂದಳು ನೀಲಗಂಗಾ, “ಈಗ ನಿಮ್ಮ ಫೋನಿನ್ಯಾಗ ಒಂದು ದನಿ ಬರ್ತೈತಿ. ಒಂದು ಪುಟಾ ಓದಿ ಹೇಳ್ತೈತಿ. ಕೇಳಿ, ನಿಮಗ ಏನ ಅನಸ್ತೈತಿ ಅದನ್ನ ಹೇಳ್ರಿ. ಹೆಂಗ ಹೇಳಬೇಕಂತ ನಾ ಹೇಳಂಗಿಲ್ಲ. ಬ್ಯಾರೆಯವರ ದನಿ ನಡುವ ಬಂದ್ರ ಅಂಕ ಕೆಟ್ಟು ಹೋಗ್ತೈತಿ.”

“ಈಗ? ಇಂಥಾ ಹೊತ್ತಿನ್ಯಾಗ?”

“ಈಗನ.”

ನಿಯಮದ ಪುಟವನ್ನು ಗುರುಬಾಯಿಯ ಫೋನಿಗೆ ಕಳಿಸಿ, ನೀಲಗಂಗಾ ತನ್ನ ಬಾಯಿಗೆ ಸೆರಗು ಒತ್ತಿ ಹಿಡಿದು ಕೇಳುತ್ತ ಕೂತಳು. ಜನಕೋಶದ ದನಿ ಓದತೊಡಗಿತು. ತನ್ನ ಬರಹ ಇಷ್ಟು ಉದ್ದವಿದೆಯೆಂದು ಅವಳಿಗೆ ಅಂದೇ ತಿಳಿದದ್ದು. ಒಂದು ಕಡೆ ‘ವಿನಯವೇ ವಿದ್ವತ್ತಿನ ಭೂಷಣವಾದ್ದರಿಂದ’ ಎಂದು ಬಂದಾಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದರ ಮರುಕ್ಷಣವೇ, ಬಾಯಿಬಿಡುವುದು ಬೇಡಪ್ಪ ಎಂದು ಗಾಬರಿಯಿಂದ ಮನಸ್ಸಿನಲ್ಲೇ ತಿದ್ದಿಕೊಂಡಳು. ಪಕ್ಕದ ಪರದೆಯಲ್ಲಿ ಮತ್ತೊಂದು ಬಳೆ ಮುಗಿಯಿತು. ಇನ್ನು ಉಳಿದದ್ದು ಎರಡು.

ಓದಿ ಮುಗಿಸಿ ದನಿ ಕೇಳಿತು: “ಈ ಪುಟದ ಗುಣ ಹೇಗಿದೆ?”

ಸ್ವಲ್ಪ ಹೊತ್ತು ಮೌನ. ರೊಟ್ಟಿಯ ತುದಿ ಅಗಿಯುವಾಗಿನ ಅದೇ ಮೌನ. ನೀಲಗಂಗಾ ಕಣ್ಣು ಮುಚ್ಚಿದಳು.

“ನಡೀತೈತಿ,” ಎಂದಳು ಗುರುಬಾಯಿ. “ಬರದವರು ಯಾರೋ ಏನೋ, ಭಾಳ ಎಳದಾರ.”

“ಇದರ ಮಹತ್ವ ಎಷ್ಟು? ಇದು ತಿಳಿಯದೇ ಹೋದರೆ ಎಷ್ಟು ನಷ್ಟ?”

“ಎಷ್ಟು ಅಂದ್ರ?” ಗುರುಬಾಯಿಯ ದನಿ ಏರಿತು. “ಇದೊಂದು ತಿಳೀಲಿಲ್ಲಂದ್ರ ಉಳದದ್ದೆಲ್ಲಾ ಓದಿ ಏನ ಮಾಡ್ತಿ? ನಮ್ಮವರು ತಮ್ಮದನ್ನ ಯಾವತ್ತೂ ಸಣ್ಣದು ಅಂತನ ಹೇಳೂದು. ಸಣ್ಣದು ಅಂದದ್ದನ್ನ ದೊಡ್ಡದು ಅಂತ ತಿಳಕೋಬೇಕು. ಇಲ್ಲೆ ನೆಲದ ತೆಳಗ ನನ್ನ ಮಗ ಅದಾನ. ಇದನ್ನ ಎಲ್ಲಾಕ್ಕಿಂತ ಮ್ಯಾಲ ಇಡು. ಮ್ಯಾಲ ಇಟ್ಟು ಮೊದಲ ನೀ ಓದು.”

“ಧನ್ಯವಾದ,” ಎಂದಿತು ದನಿ. “ಗುಣ: ಸಾಧಾರಣ. ಮಹತ್ವ: ಪರಮ.”

ಮೊದಲು ಏನೂ ಆಗಲಿಲ್ಲ. ಪರದೆಯ ಸಾಲುಗಳು ಎಂದಿನಂತೆ ಸರಿಯುತ್ತಲೇ ಇದ್ದವು. ಆಮೇಲೆ ಒಮ್ಮೆಗೇ ನಿಂತುಬಿಟ್ಟವು. ನೀಲಗಂಗಾ ಕೆಲಸಕ್ಕೆ ಸೇರಿದಂದಿನಿಂದ ಅವು ನಿಂತದ್ದನ್ನು ನೋಡಿರಲಿಲ್ಲ. ತಕ್ಕಡಿ ಓದುತ್ತಿತ್ತು. ಓದಿ ಮುಗಿಸಿ ಅವಳಿಗೆ ಒಂದು ಸಂದೇಹ ಕಳಿಸಿತು.

‘ಮನೆಯವರು ಕೊಟ್ಟ ಕಡಿಮೆಯನ್ನು ನಾನು ಇಷ್ಟು ದಿನ ತೂಕವೆಂದು ತಿಳಿದೆ. ಅದು ತೂಕವಲ್ಲ, ಮರ್ಯಾದೆ. ಅದನ್ನು ಲೆಕ್ಕದಿಂದ ತೆಗೆಯಬೇಕೇ?’

ಉತ್ತರ ಕೊಡುವುದೇ ಅವಳ ನೌಕರಿ. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿ, ಮೂರನೆಯ ಸಲ ಸರಿಯಾಗಿ ಒತ್ತಿದಳು: ‘ತೆಗೆಯಬೇಕು.’

‘ಕಡಿಮೆ’ ಎಂಬ ಪಟ್ಟಿ ಅವಳ ಕಣ್ಣೆದುರೇ ಕರಗತೊಡಗಿತು. ಯಾರದೋ ಊರಿನ ಕಾಳು ತುಂಬುವ ಹಗೇವು, ಯಾವುದೋ ಓಣಿಯ ಬಾಣಂತಿ ಔಷಧಿ, ಇನ್ನೆಲ್ಲಿಯದೋ ಹಳ್ಳದ ಕಳ್ಳಸುಳಿ, ಎಲ್ಲವೂ ಮೇಲೆ ಮೇಲೆ ಏರಿದವು. ಅವುಗಳ ನಡುವೆ ಕಾರಂಜಿ ಗಲ್ಲಿಯ ಸುರಂಗ ಬಾವಿಯೂ ಏರಿತು. ಮನೆಯವರ ಅಂಕ ತೆಗೆದ ಮೇಲೆ ತಕ್ಕಡಿ ಲೇಖನವನ್ನೇ ಬಿಡಿಸಿ ಓದಿತ್ತು. ಅದರಲ್ಲಿ ಲಾಳೇಸಾಬ ಕಾಕಾ ಅಚ್ಚುಕಟ್ಟಾಗಿ ಬರೆದಿದ್ದರು: ಯುಗಾದಿ ಕಳೆದ ಮೊದಲ ರವಿವಾರ ಮನೆಗೊಬ್ಬರು ಒಳಗಿರುತ್ತಾರೆ.

“ಒತ್ರಿ ಲ್ಯಾನ್ಸಿಯವರ,” ಎಂದಳು ಅವಳು. “ಇನ್ನೊಮ್ಮೆ ಓದಸ್ರಿ.”

“ಒತ್ತಿದೆ.” ಸ್ವಲ್ಪ ಹೊತ್ತಿನ ನಂತರ ಅವನ ದನಿ ಬಂತು, ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. “ಓದಿತು ಮಾರಾಯ್ರೆ. ಮೂತಿ ಕೆಳಗೆ ಮಾಡಿತು. ಹಿಂದೆ ಸರೀತಾ ಉಂಟು. ಆಳದಲ್ಲಿ ಸುತ್ತು ಹಾಕಿ ಹೋಗ್ತದಂತೆ. ಮುಂದೆ ಜನ ಇದ್ದಾರೆ ಅಂತ ಅದೇ ನನಗೆ ಹೇಳ್ತಾ ಉಂಟು, ನಾನು ಗೊತ್ತಿಲ್ಲದವನ ಹಾಗೆ.”

ನೀಲಗಂಗಾಳಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಯಲ್ಲಿ ಹಾಗೆಯೇ ಹಿಂದಕ್ಕೆ ಒರಗಿದಳು. ಆರಿದ ಚಹಾ ಎದುರಿಗಿತ್ತು. ಅದನ್ನೇ ಎತ್ತಿ ಕುಡಿದಳು, ಅಷ್ಟು ರುಚಿಯಾದ ಚಹಾ ಅವಳು ಕುಡಿದಿರಲಿಲ್ಲ. ಆಮೇಲೆ ಫೋನಿನಲ್ಲಿ ಅತ್ತೆಗೆ ಹೇಳಿದಳು. ಗುರುಬಾಯಿ ಕಿಂಡಿಯ ಕಟ್ಟೆಯ ಮೇಲೆ ಕೂತುಬಿಟ್ಟದ್ದು ಕೇಳಿಸಿತು. ಬಹಳ ಹೊತ್ತು ಇಬ್ಬರೂ ಫೋನು ಇಡಲಿಲ್ಲ.

ಆ ಮಧ್ಯಾಹ್ನ ರಾಜ್ಯದ ಯಂತ್ರಗಳಿಗೆಲ್ಲ ಏನೋ ಹಿಡಿದುಕೊಂಡಂತಾಯಿತು. ಒಂದೂರಿನಲ್ಲಿ ರೋಡ್ ರೋಲರು ಹೆಂಗಸರು ಮೆಣಸಿನಕಾಯಿ ಒಣಗಿಸುವ ಬಂಡೆಯ ಮುಂದೆ ನಿಂತು, ಅನುಮತಿ ಕೊಡುವವರೆಗೂ ಕದಲಲಿಲ್ಲ. ಇನ್ನೊಂದೂರಿನಲ್ಲಿ ಡ್ರೋನು ಔಷಧಿಯನ್ನು ತುಂಬಿಕೊಂಡು ಹೋದದ್ದು ಹಾಗೆಯೇ ತುಂಬಿಕೊಂಡು ಬಂತು. ಯಾರೋ ಅಲ್ಲಿ ಒಂದು ಜಾತಿಯ ಗುಬ್ಬಿಯ ಬಗ್ಗೆ ಬರೆದು ‘ಕಡಿಮೆ’ ಎಂದು ಹಾಕಿದ್ದರಂತೆ. ಗುತ್ತಿಗೆದಾರರು ಕೂಗಾಡಿದರು. ತಕ್ಕಡಿಗೆ ಹೊಸ ಸೊಸೆಯ ಭಕ್ತಿ ಹತ್ತಿದೆ ಎಂದು ಕೆಲವರು ನಕ್ಕರು. ವಾರದೊಳಗೆ ಅದೂ ಹದಕ್ಕೆ ಬಂತು, ಮುರಿದ ಬೆಂಚುಗಳು ತಮ್ಮ ಜಾಗಕ್ಕೆ ಇಳಿದವು.

ಸಂಜೆ ಸುರಂಗದ ಆಚೆ ಬಾಯಿಯಲ್ಲಿ ಗಲ್ಲಿಗೆ ಗಲ್ಲಿಯೇ ನೆರೆದಿತ್ತು. ಒಬ್ಬೊಬ್ಬರಾಗಿ ಕೆಸರಿನ ಗೊಂಬೆಗಳಂತೆ ಹೊರಬಂದರು. ಒಳಗಿಳಿದಿದ್ದ ಶಿವಲೀಲಾಳ ಗಂಡ ಅವರನ್ನು ಮುಟ್ಟುವಷ್ಟರಲ್ಲಿ ಅಪಾಯ ಕಳೆದು ಎಷ್ಟೋ ಹೊತ್ತಾಗಿತ್ತು. ಅವನ ಕೈಗೂ ಒಂದು ಬುಟ್ಟಿ ಕೊಟ್ಟು ಹೂಳು ಹೊರಿಸಿದ್ದರು. ರೇವಣಸಿದ್ದ ಇಷ್ಟು ಜನರನ್ನು ಕಂಡು ಗಲಿಬಿಲಿಯಾದ.

“ಏನಾತು? ಯಾರರೆ ಮಿನಿಸ್ಟರ್ ಬಂದಾರೇನ?”

“ನಿಮಗ ಏನೂ ಗೊತ್ತಾಗ್ಲಿಲ್ಲ?” ಎಂದಳು ನೀಲಗಂಗಾ. ಕೆಸರಾದರೂ ಚಿಂತೆಯಿಲ್ಲವೆಂದು ಎಲ್ಲರೆದುರೇ ಅವನ ತೋಳು ಹಿಡಿದುಕೊಂಡಿದ್ದಳು.

“ನೆಲ ಒಂದೀಟು ಅದುರಿತು. ಮ್ಯಾಲ ಲಾರಿ ಹೊಂಟಿರಬೇಕು ಅಂದ್ರು ಕಾಕಾ.”

ಲಾಳೇಸಾಬ ಕಾಕಾಗೆ ನಡೆದದ್ದನ್ನೆಲ್ಲ ಹೇಳಿದಾಗ ಅವರು ಹೆದರಲಿಲ್ಲ, ಸಂಕೋಚಪಟ್ಟರು. ತನ್ನ ಲೇಖನ ಪರಮ ಮಹತ್ವದ್ದಾಗಿದೆ ಎಂದು ಕೇಳಿ ಕೆಸರು ಮೆತ್ತಿದ ಗಡ್ಡ ತುರಿಸಿಕೊಂಡು, “ಛೇ ಛೇ, ಮಂದಿ ಏನಂದಾರು ತಂಗಿ. ಒಂದು ಮೆಟ್ಟಿಲ ಇಳಸಾಕ ಬರ್ತೈತೇನ ನೋಡು” ಎಂದರು.

“ಅದನ್ನ ಮುಟ್ಟಿದ್ರ ನಾ ನಿಮ್ಮ ಕೂಡ ಮಾತಾಡಂಗಿಲ್ಲ ಕಾಕಾ,” ಎಂದಳು ನೀಲಗಂಗಾ.

ಆ ಸಂಜೆ ಒಲೆಯ ಮುಂದೆ ಗುರುಬಾಯಿಯೇ ಕೂತಳು. ಸೊಸೆ ಬೇಡವೆಂದರೂ ಕೇಳಲಿಲ್ಲ. ಬರಿಗಾಲಲ್ಲಿ ಓಡಿದ್ದ ಪಾದಕ್ಕೆ ಅರಿಶಿನ ಮೆತ್ತಿಕೊಂಡೇ ರೊಟ್ಟಿ ಬಡಿಯತೊಡಗಿದಳು. ಮಜ್ಜಿಗೆಯ ಗಿಂಡಿ ತಿರುಗಿ ಕೊಡಲು ಬಂದ ಶಿವಲೀಲಾ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು.

“ನಿಮ್ಮ ಸೊಸಿ ಇರದಿದ್ರ ನಮ್ಮ ಗಲ್ಲಿ ಗತಿ ಏನಾಗ್ತಿತ್ರಿ ಅತ್ತಿ. ಎಂಥಾ ಶಾಣ್ಯಾ ಸೊಸೀನ ಪಡದೀರಿ.”

“ಅಂಥಾದ್ದೇನಿಲ್ಲ ಬಿಡವ್ವಾ,” ಎಂದಳು ಗುರುಬಾಯಿ, ರೊಟ್ಟಿಯಿಂದ ಕಣ್ಣೆತ್ತದೆ. “ಎದರಿಗೆ ಬಂದದ್ದನ್ನ ಮಾಡ್ಯಾಳ ಅಷ್ಟ.”

ನೀಲಗಂಗಾ ಚುರುಕ್ಕೆನ್ನುವುದಕ್ಕೆ ಕಾದಳು. ಅದು ಬರಲಿಲ್ಲ. ಬದಲಿಗೆ ಎದೆಯೊಳಗೆ ಏನೋ ಬೆಚ್ಚಗೆ ಹರಡಿಕೊಂಡಿತು. ಮದುವೆಯಾಗಿ ಬಂದಾಗಿನಿಂದ ಕೂಡಿಟ್ಟ ಅಷ್ಟೂ ‘ನಡೀತೈತಿ’ಗಳು ಒಂದೊಂದಾಗಿ ನೆನಪಾದವು. ಹೆರಿಗೆಯಲ್ಲಿ ಮಗು ಉಳಿಯದೆ ಹೋದಾಗ ತಿಂಗಳುಗಟ್ಟಲೆ ಅವಳ ತಲೆಗೆ ಎಣ್ಣೆ ಹಚ್ಚಿದ ಅತ್ತೆ, ಅವಳು ಎದ್ದು ಕೂತು ಮಾಡಿದ ಮೊದಲ ಅಡುಗೆಯನ್ನು ಉಂಡು ‘ನಡೀತೈತಿ’ ಎಂದು ಹೇಳಿ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದದ್ದು ನೆನಪಾಯಿತು. ಎಲ್ಲದರ ತೂಕವನ್ನೂ ಅವಳು ಈಗ ಹೊಸದಾಗಿ ಹಾಕಿಕೊಂಡಳು.

ಬಿಸಿ ರೊಟ್ಟಿ ತಾಟಿಗೆ ಬಿತ್ತು. ಗುರುಬಾಯಿ ಇನ್ನೊಂದು ಉಂಡೆ ಕೈಗೆತ್ತಿಕೊಂಡಳು, ಆದರೆ ಬಡಿಯದೆ ಸುಮ್ಮನೆ ಹಿಡಿದು ಕೂತಳು. ನೀಲಗಂಗಾ ರೊಟ್ಟಿಯ ತುದಿ ಮುರಿದು ಬಾಯಿಗಿಟ್ಟಳು. ಅವಸರವಿಲ್ಲದೆ ಅಗಿದಳು.

“ನಡೀತೈತ್ರಿ ಅತ್ತಿ,” ಎಂದಳು.

ಗುರುಬಾಯಿ ಒಲೆಯ ಕಡೆ ಮುಖ ತಿರುಗಿಸಿದಳು. ಗಡಿಗೆಯಿಂದ ಬೆಣ್ಣೆಯ ದೊಡ್ಡ ಮುದ್ದೆಯೊಂದನ್ನು ತೆಗೆದು, ಸೊಸೆಯ ರೊಟ್ಟಿಯ ಮೇಲೆ ಇಟ್ಟಳು.